ಜರ್ಕ್ ಚಿಕನ್ ಕೆಂಪಗಿದ್ದರೆ ಅನುಮಾನಿಸಿ: ಕೆರಿಬಿಯನ್ ಕಾರ್ವರಿ ಊಟ ಎಲ್ಲಿ ಕೆಡುತ್ತದೆ, ಮಲೆನಾಡಿನಲ್ಲಿ ಅದನ್ನು ಸರಿಯಾಗಿ ಮಾಡುವುದು ಹೇಗೆ

ಒಣಗಿ ನಾರಾದ ಕೋಳಿ, ತಳದಲ್ಲಿ ಮುದ್ದೆಯಾಗಿ ಮೇಲೆ ಗರಿಗಟ್ಟಿದ ಅನ್ನ, ನೀರು ಬಿಟ್ಟ ಎಲೆಕೋಸು, ಎಣ್ಣೆ ಕುಡಿದ ಬಾಳೆಹಣ್ಣು. ಕೆರಿಬಿಯನ್ ಕಾರ್ವರಿ ಎಂದು ಆಸೆಪಟ್ಟು ಕುಳಿತವರಿಗೆ ಬೇಸರ ತರಿಸುವ ತಟ್ಟೆ ಸಾಮಾನ್ಯವಾಗಿ ಹೀಗೇ ಇರುತ್ತದೆ. ಅಡಿಗೆಯವರಿಗೆ ಕೈ ಬರುವುದಿಲ್ಲ ಎಂದು ಬೈಯುವ ಮೊದಲು ಒಂದು ವಿಷಯ ಗಮನಿಸಿ. ಈ ಊಟದ ಮುಕ್ಕಾಲು ಪಾಲು ಕೆಡುವುದು ಒಲೆಯಿಂದ ಇಳಿದ ಮೇಲೆ, ತಟ್ಟೆಗೆ ಬೀಳುವುದರ ಒಳಗೆ. ಉಳಿದ ಕಾಲು ಪಾಲು ಮಸಾಲೆಯ ತಪ್ಪು. ಅದನ್ನು ತಿದ್ದುವುದು ಮಲೆನಾಡಿನವರಿಗೆ ಸುಲಭ, ಬೇಕಾದದ್ದರಲ್ಲಿ ಹೆಚ್ಚಿನದು ಹಿತ್ತಲಲ್ಲೇ ಇದೆ.

ಕಾರ್ವರಿ ಬ್ರಿಟನ್ನಿನ ಪದ್ಧತಿ. ಇಡಿಯಾಗಿ ಬೇಯಿಸಿದ ಮಾಂಸವನ್ನು ಕೌಂಟರಿನಲ್ಲಿಟ್ಟು, ತಟ್ಟೆ ಹಿಡಿದು ಬಂದವರಿಗೆ ಆಗಲೇ ಹೆಚ್ಚಿ ಬಡಿಸುತ್ತಾರೆ. 1948ರಲ್ಲಿ ಕೆರಿಬಿಯನ್ ವಲಸಿಗರನ್ನು ಹೊತ್ತ ಎಂಪೈರ್ ವಿಂಡ್‌ರಷ್ ಹಡಗು ಇಂಗ್ಲೆಂಡಿನ ಟಿಲ್ಬರಿ ಬಂದರಿಗೆ ಬಂದ ನಂತರದ ವರ್ಷಗಳಲ್ಲಿ ಜಮೈಕಾ, ಟ್ರಿನಿಡಾಡ್, ಬಾರ್ಬಡೋಸ್‌ಗಳ ಜನ ಅಲ್ಲಿ ಹೆಚ್ಚು ಹೆಚ್ಚಾಗಿ ನೆಲೆಸಿದರು, ಅವರ ಅಡಿಗೆಯೂ ಅಲ್ಲಿಯ ಕೌಂಟರ್ ಹತ್ತಿತು. ಕಷ್ಟ ಹುಟ್ಟುವುದು ಇಲ್ಲೇ. ಜರ್ಕ್, ಅಂದರೆ ಮಸಾಲೆ ಸವರಿ ಕೆಂಡ ಹೊಗೆಯಲ್ಲಿ ಬೇಯಿಸುವ ಜಮೈಕಾದ ಮಾಂಸ, ಕೆಂಡದಿಂದ ನೇರ ತಟ್ಟೆಗೆ ಬರಬೇಕಾದ ತಿಂಡಿ, ಕಾರ್ವರಿಯದು ಬಿಸಿಯಾಗಿಟ್ಟು ಕಾಯುವ ವ್ಯವಸ್ಥೆ. ಎರಡನ್ನೂ ಒಂದೇ ಟ್ರೇಗೆ ಸುರಿದರೆ ಎರಡೂ ಹಾಳು.

ಕೆಳಗಿನ ಅಳತೆಗಳು 10 ಜನಕ್ಕೆ. ಮನೆಯ ಸಮಾರಂಭಕ್ಕೂ ಸಾಕು, ಹೋಮ್‌ಸ್ಟೇ ನಡೆಸುವವರು ಹತ್ತರ ಲೆಕ್ಕದಲ್ಲೇ ಹೆಚ್ಚಿಸಿಕೊಳ್ಳಬಹುದು.

ಮಸಾಲೆ: ಕಬಾಬ್ ಪುಡಿಯನ್ನು ದೂರ ಇಡಿ

ಜರ್ಕ್‌ನ ಬಣ್ಣ ಕಪ್ಪುಗೂಡಿದ ಕಂದು. ಕೆಂಪಗೆ ಹೊಳೆಯುತ್ತಿದ್ದರೆ ಅದು ನಮ್ಮ ಬೀದಿಯ ಕಬಾಬೇ, ಹೆಸರು ಮಾತ್ರ ಬೇರೆ. ಜರ್ಕ್‌ಗೆ ಜೀವ ಕೊಡುವುದು ಎರಡೇ: ಆಲ್‌ಸ್ಪೈಸ್ ಮತ್ತು ಹೊಗೆ. ಖಾರ ಆಮೇಲಿನ ಮಾತು. ಜಮೈಕಾದವರು ಪಿಮೆಂಟೊ ಎನ್ನುವ ಈ ಆಲ್‌ಸ್ಪೈಸ್ ಬೇರಾವುದೂ ಅಲ್ಲ, ಮಲೆನಾಡಿನ ಎಷ್ಟೋ ತೋಟಗಳ ಅಂಚಿನಲ್ಲಿ ನಿಂತಿರುವ ಸರ್ವಸಾಂಬಾರ ಗಿಡ. ಎಲೆ ಉಜ್ಜಿ ಮೂಸಿದರೆ ಲವಂಗ, ದಾಲ್ಚಿನ್ನಿ, ಜಾಯಿಕಾಯಿ ಮೂರೂ ಒಟ್ಟಿಗೆ ಬಂದಂತಿರುತ್ತದೆ. ಗಿಡ ದೊಡ್ಡದಾದರೂ ಕಾಯಿ ಬಿಡುವುದಿಲ್ಲ ಎಂದು ಹಲವರು ಕಡಿದು ಹಾಕುತ್ತಾರೆ. ಈ ಜಾತಿಯಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆಯಂತೆ ವರ್ತಿಸುತ್ತವೆ. ಒಂಟಿ ಗಿಡ ಬರಿದಾಗಿ ನಿಲ್ಲಲು ಇದೇ ಮುಖ್ಯ ಕಾರಣ. ಕಾಯಿ ಇಲ್ಲದಿದ್ದರೂ ಎಲೆ ಸಾಕು, ಕಡಿಯಬೇಡಿ.

ಒಣಗಿದ ಕಾಯಿ ಕೊಳ್ಳುವವರು ಅಂಗಡಿಯಲ್ಲಿ ಎಚ್ಚರವಾಗಿರಿ. ಆಲ್‌ಸ್ಪೈಸ್ ಕೇಳಿದರೆ ಕೆಲವೆಡೆ ಬಾಲಮೆಣಸು ಕೊಡುತ್ತಾರೆ. ಬಾಲಮೆಣಸಿಗೆ ಹೆಸರೇ ಹೇಳುವಂತೆ ಪುಟ್ಟ ಬಾಲ ಇರುತ್ತದೆ, ಆಲ್‌ಸ್ಪೈಸ್ ಉರುಟಾಗಿ ಕಾಳುಮೆಣಸಿಗಿಂತ ಸ್ವಲ್ಪ ದಪ್ಪ. ಏನೂ ಸಿಗದಿದ್ದರೆ ಎರಡು ಪಾಲು ದಾಲ್ಚಿನ್ನಿ, ಒಂದು ಪಾಲು ಲವಂಗ, ಒಂದು ಪಾಲು ಜಾಯಿಕಾಯಿ ಸೇರಿಸಿ ಪುಡಿ ಮಾಡಿ. ಹತ್ತಿರ ಬರುತ್ತದೆ, ಅದೇ ಆಗುವುದಿಲ್ಲ.

ಇನ್ನೊಂದು ಥೈಮ್. ಒಣಗಿದ ಥೈಮ್ ಡಬ್ಬಿಗೆ ದುಡ್ಡು ಸುರಿಯುವ ಅಗತ್ಯವಿಲ್ಲ. ತಂಬುಳಿಗೆ ಕೊಯ್ಯುವ ದೊಡ್ಡಪತ್ರೆಯನ್ನು ಟ್ರಿನಿಡಾಡ್, ಬಾರ್ಬಡೋಸ್‌ಗಳಲ್ಲಿ ‘ಅಗಲ ಎಲೆಯ ಥೈಮ್’ ಎಂದೇ ಕರೆದು ಮಾಂಸಕ್ಕೆ ಅರೆಯುತ್ತಾರೆ. ಅಂಚಿನಲ್ಲಿ ಸಣ್ಣ ಮುಳ್ಳಿರುವ ಉದ್ದೆಲೆಯ ಕಾಡುಕೊತ್ತಂಬರಿ ಕೂಡ ಟ್ರಿನಿಡಾಡಿನ ಅಡಿಗೆಮನೆಯ ದಿನನಿತ್ಯದ ಸೊಪ್ಪು.

ಸಿಗದೆ ಹೋಗುವುದು ಸ್ಕಾಚ್ ಬಾನೆಟ್ ಮೆಣಸಿನಕಾಯಿ. ಇದಕ್ಕೆ ಖಾರದ ಜೊತೆ ಹಣ್ಣಿನ ಪರಿಮಳ ಇದೆ. ನಮ್ಮ ಸೂಜಿಮೆಣಸಿನಲ್ಲಿ ಖಾರ ಉಂಟು, ಆ ಪರಿಮಳ ಇಲ್ಲ. ಹಣ್ಣಾದ ಕೆಂಪು ದೊಣ್ಣೆಮೆಣಸಿನಕಾಯಿ ಒಂದನ್ನು ಸೂಜಿಮೆಣಸಿನ ಜೊತೆ ರುಬ್ಬಿದರೆ ಸಿಹಿಯೂ ಮೈಯೂ ಬರುತ್ತದೆ. ಹಬನೇರೊ ಬೀಜ ತಂದು ಕುಂಡದಲ್ಲಿ ಹಾಕಿಕೊಂಡವರಿಗೆ ಈ ಚಿಂತೆಯಿಲ್ಲ, ಅದು ಸ್ಕಾಚ್ ಬಾನೆಟ್‌ನ ಹತ್ತಿರದ ನೆಂಟ.

3 ಕಿಲೋ ಕೋಳಿಗೆ ಅಳತೆ:

- ಆಲ್‌ಸ್ಪೈಸ್ ಕಾಳು 3 ದೊಡ್ಡ ಚಮಚ, ಬೆಚ್ಚಗೆ ಹುರಿದು ಪುಡಿ ಮಾಡಿದ್ದು (ಕಾಳಿಲ್ಲದಿದ್ದರೆ ಸರ್ವಸಾಂಬಾರದ ಬಲಿತ ಎಲೆ 12, ನಡುನಾರು ತೆಗೆದು)
- ಈರುಳ್ಳಿ ಹೂ, ಹಸಿರು ದಂಟು ಸಮೇತ 250 ಗ್ರಾಂ. ಬೆಳ್ಳುಳ್ಳಿ 60 ಗ್ರಾಂ. ಶುಂಠಿ 50 ಗ್ರಾಂ
- ಸೂಜಿಮೆಣಸು 12ರಿಂದ 15, ಕೆಂಪು ದೊಣ್ಣೆಮೆಣಸು 1
- ದೊಡ್ಡಪತ್ರೆ 12 ಎಲೆ
- ಕಾಳುಮೆಣಸಿನ ಪುಡಿ 2 ಚಿಕ್ಕ ಚಮಚ, ದಾಲ್ಚಿನ್ನಿ ಪುಡಿ ಅರ್ಧ ಚಮಚ, ಜಾಯಿಕಾಯಿ ಅರ್ಧ, ತುರಿದು
- ಸೋಯಾ ಸಾಸ್ 60 ಮಿಲೀ, ಎಣ್ಣೆ 50 ಮಿಲೀ, ಉಪ್ಪು 30 ಗ್ರಾಂ
- ಜೋನಿ ಬೆಲ್ಲ 2 ದೊಡ್ಡ ಚಮಚ, ನಿಂಬೆ 2: ಇವೆರಡನ್ನೂ ಬೇರೆಯೇ ಇಡಿ

ಉಪ್ಪಿನ ಲೆಕ್ಕವನ್ನು ಕಣ್ಣಂದಾಜಿಗೆ ಬಿಡಬೇಡಿ. ಮಾಂಸದ ತೂಕದ ಶೇಕಡ 1.3ರ ಸುಮಾರು ಉಪ್ಪು ಬೇಕು. ಸೋಯಾ ಸಾಸಿನಲ್ಲೇ ಒಂದಷ್ಟು ಇರುವುದರಿಂದ 30 ಗ್ರಾಂ ಸಾಕಾಗುತ್ತದೆ. ನಿಂಬೆರಸವನ್ನು ಹಿಂದಿನ ರಾತ್ರಿಯೇ ಹಿಂಡಿಟ್ಟರೆ ಹುಳಿ ಮಾಂಸದ ಮೇಲ್ಪದರವನ್ನು ಹಿಟ್ಟು ಹಿಟ್ಟಾಗಿಸುತ್ತದೆ. ಬೆಲ್ಲವನ್ನು ಮೊದಲೇ ಹಾಕಿದರೆ ಕೆಂಡದ ಮೇಲೆ ಒಳಗು ಬೇಯುವ ಮುಂಚೆ ಹೊರಗು ಕರಕಾಗುತ್ತದೆ.

ಕೋಳಿ ಯಾವುದು, ಅಂಗಡಿಯಲ್ಲಿ ಹೇಳುವುದು ಏನು

ಇಲ್ಲಿ ನಾಟಿ ಕೋಳಿಯ ಅಭಿಮಾನ ಬಿಡಬೇಕಾಗುತ್ತದೆ. ಬಲಿತ ನಾಟಿ ಹುಂಜ ಸಾರಿಗೆ ಸರಿ, ಒಣ ಶಾಖದಲ್ಲಿ ಒಂದು ಗಂಟೆಗೆ ಅದು ಮೆದುವಾಗುವುದಿಲ್ಲ. ಫಾರಂ ಕೋಳಿಯ ತೊಡೆ ಮತ್ತು ಕಾಲು ಕೂಡಿದ ತುಂಡು, 250ರಿಂದ 300 ಗ್ರಾಂ ತೂಗುವಂಥವು ಹತ್ತೋ ಹನ್ನೊಂದೋ ತನ್ನಿ. “ಚರ್ಮ ಸಮೇತ ಇರಲಿ, ಪೀಸ್ ಮಾಡಬೇಡಿ” ಎಂದು ಮೊದಲೇ ಹೇಳಿ. ತಕ್ಕಡಿಗೆ ಬೀಳುವ ಮುಂಚೆ ಹೇಳದಿದ್ದರೆ ಸಾರಿನ ತುಂಡಾಗಿ ಕೈಗೆ ಬರುತ್ತದೆ. ಎದೆಯ ಭಾಗ ಬೇಡ. ಅದರಲ್ಲಿ ಕೊಬ್ಬು ಕಡಿಮೆ, ಹತ್ತು ನಿಮಿಷ ಹೆಚ್ಚಾದರೂ ಒಣಗುತ್ತದೆ.

ಚರ್ಮದ ಮೇಲಿಂದ ಮೂಳೆಯವರೆಗೆ ಎರಡೆರಡು ಗೀರು ಹಾಕಿ, ಅರೆದ ಮಸಾಲೆಯನ್ನು ಚರ್ಮದ ಕೆಳಗೂ ತೂರಿಸಿ, ಫ್ರಿಜ್ಜಿನಲ್ಲಿ 12 ಗಂಟೆ ಇಡಿ. ಕೈಗೆ ಗ್ಲೌಸ್ ಇರಲಿ. ಸೂಜಿಮೆಣಸು ಅರೆದ ಕೈ ರಾತ್ರಿಯಿಡೀ ಉರಿಯುತ್ತದೆ.

ಕೆಂಡ ಮತ್ತು ಹೊಗೆ

ಜರ್ಕ್ ಹುಟ್ಟಿದ್ದು ಗುಲಾಮಗಿರಿಯಿಂದ ತಪ್ಪಿಸಿಕೊಂಡು ಜಮೈಕಾದ ಬೆಟ್ಟಗಳಲ್ಲಿ ಅಡಗಿ ಬದುಕಿದ ಮರೂನ್ ಜನರ ನಡುವೆ, ಕಾಡುಹಂದಿಯ ಮಾಂಸದಿಂದ. ಪೋರ್ಟ್‌ಲೆಂಡ್ ಪ್ರಾಂತ್ಯದ ಬಾಸ್ಟನ್ ಬೇ ಇಂದಿಗೂ ಅದಕ್ಕೆ ಹೆಸರುವಾಸಿ. ಅಲ್ಲಿ ಮಾಂಸ ಬೇಯುವುದು ಪಿಮೆಂಟೊ ಮರದ ಕಟ್ಟಿಗೆಯ ಮೇಲೆ. ಆ ಕಟ್ಟಿಗೆ ನಮಗೆ ಸಿಗದು, ಆದರೆ ಅದೇ ಕುಟುಂಬದ ಎರಡು ಮರ ಮಲೆನಾಡಿನಲ್ಲಿವೆ: ಪೇರಲೆ ಮತ್ತು ನೇರಳೆ. ಎರಡರ ಹೊಗೆಯೂ ಹಿತವಾಗಿರುತ್ತದೆ. ಅದೇ ಕುಟುಂಬದ್ದೆಂದು ನೀಲಗಿರಿ ಹಾಕಿಬಿಡಬೇಡಿ, ಮಾಂಸ ಶೀತದ ಮುಲಾಮಿನಂತೆ ನಾರುತ್ತದೆ. ಗೇರು, ಹೊಲಗೇರು, ಕಾಸರಕ, ಕಣಗಿಲೆ ಇವುಗಳ ಕಟ್ಟಿಗೆ, ಎಲೆ, ಚಕ್ಕೆ ಯಾವುದೂ ಬೆಂಕಿಯ ಹತ್ತಿರ ಸುಳಿಯಕೂಡದು. ಗುರುತಿಲ್ಲದ ಕಾಡುಕಟ್ಟಿಗೆಯೂ ಬೇಡ.

ಉದ್ದುದ್ದಕ್ಕೆ ಸೀಳಿದ ಅರ್ಧ ಡ್ರಮ್ಮು, ಮೇಲೆ ಕಬ್ಬಿಣದ ಜಾಲರಿ, ಮುಚ್ಚಲು ಇನ್ನರ್ಧ. ಜಮೈಕಾದ ಬೀದಿಗಳಲ್ಲೂ ಇದೇ ಸಾಧನ. ಒಳಗೆ ಬಣ್ಣ ಅಥವಾ ರಾಸಾಯನಿಕ ಇದ್ದ ಡ್ರಮ್ ತರಬೇಡಿ. ಯಾವುದೇ ಡ್ರಮ್ಮಾದರೂ ಮೊದಲು ಒಂದು ಸಲ ಖಾಲಿ ಉರಿಸಿ ತೊಳೆಯಿರಿ.

ಇದ್ದಿಲು 3 ಕಿಲೋ, ಜೊತೆಗೆ ಒಂದು ಬುಟ್ಟಿ ತೆಂಗಿನ ಗರಟೆ. ಮಳೆಗಾಲದಲ್ಲಿ ಇಲ್ಲಿ ಇದ್ದಿಲು ಕೂಡ ನೀರು ಕುಡಿದಿರುತ್ತದೆ. ಹಿಂದಿನ ದಿನ ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲೋ ಹಂಡೆಯ ಪಕ್ಕದಲ್ಲೋ ಒಣಗಿಸಿಟ್ಟುಕೊಳ್ಳಿ. ಹಸಿ ಇದ್ದಿಲಿಗೆ ಸೀಮೆಎಣ್ಣೆ ಸುರಿದು ಹೊತ್ತಿಸಿದರೆ ಊಟದ ಕೊನೆಯವರೆಗೂ ಅದರದೇ ವಾಸನೆ.

ಕೆಂಡದ ಮೇಲೆ ಬಿಳಿ ಬೂದಿ ಕವಿದಾಗ ಎಲ್ಲವನ್ನೂ ಡ್ರಮ್ಮಿನ ಒಂದು ಬದಿಗೆ ತಳ್ಳಿ. ಮುಷ್ಟಿಗಾತ್ರದ ಒಣ ಪೇರಲೆ ತುಂಡು ಮೂರನ್ನು ಕೆಂಡದ ಮೇಲಿಡಿ. ನೆನೆಸಿಡುವ ಅಗತ್ಯವಿಲ್ಲ. ಒದ್ದೆ ಕಟ್ಟಿಗೆ ಮೊದಲು ಆವಿ ಬಿಡುತ್ತದೆ, ಆಮೇಲೆ ದಟ್ಟ ಬಿಳಿ ಹೊಗೆ, ಅದು ಮಾಂಸಕ್ಕೆ ಕಹಿ. ತೆಳು ನೀಲಿ ಹೊಗೆ ಕಂಡ ಮೇಲೆ ಕೆಂಡವಿಲ್ಲದ ಬದಿಯಲ್ಲಿ ಸರ್ವಸಾಂಬಾರದ ಎಲೆಸಮೇತ ಕಡ್ಡಿಗಳನ್ನು ಹಾಸಿ, ಅದರ ಮೇಲೆ ಕೋಳಿಯನ್ನು ಚರ್ಮ ಮೇಲಾಗಿ ಜೋಡಿಸಿ ಮುಚ್ಚಿ. ಒಳಗಿನ ಶಾಖ 150ರಿಂದ 160 ಡಿಗ್ರಿ ಸೆಲ್ಸಿಯಸ್ ಇರಬೇಕು. 50 ನಿಮಿಷದಿಂದ ಒಂದು ಗಂಟೆ ಹಿಡಿಯುತ್ತದೆ, ನಡುವೆ ಒಮ್ಮೆ ಮಾತ್ರ ತೆರೆದು ತುಂಡುಗಳ ಜಾಗ ಬದಲಿಸಿ. ಪದೇ ಪದೇ ಮುಚ್ಚಳ ಎತ್ತುವವರ ಕೋಳಿ ಒಂದೂವರೆ ಗಂಟೆಯಾದರೂ ಬೇಯುವುದಿಲ್ಲ.

ಚುಚ್ಚಿ ನೋಡುವ ಥರ್ಮಾಮೀಟರ್ ಒಂದನ್ನು ಇಟ್ಟುಕೊಳ್ಳಿ. ಕೋಳಿ ತಿನ್ನಲು ಸುರಕ್ಷಿತವಾಗುವುದು 74 ಡಿಗ್ರಿಗೆ. ತೊಡೆಯ ನಾರು ಸಡಿಲವಾಗಿ ಬಾಯಿಗೆ ಹಿತವಾಗುವುದು 80 ದಾಟಿದ ಮೇಲೆ, ಆದ್ದರಿಂದ 82ರವರೆಗೆ ಬಿಡಿ. ಮೊನೆ ಮೂಳೆಗೆ ತಾಗಿದರೆ ಅಂಕಿ ತಪ್ಪಾಗುತ್ತದೆ. ಈಗ ಜೋನಿ ಬೆಲ್ಲಕ್ಕೆ ನಿಂಬೆರಸ ಬೆರೆಸಿ ಸವರಿ, ತುಂಡುಗಳನ್ನು ಕೆಂಡದ ನೇರಕ್ಕೆ ತಂದು ಮಗ್ಗುಲಿಗೆ ಎರಡೆರಡು ನಿಮಿಷ. ಅಂಚು ಕಪ್ಪಾಗಬೇಕು, ಬೂದಿಯಾಗಬಾರದು.

ಇಡೀ ತೊಡೆ, ಮತ್ತು ಚೂರಿ ಹಿಡಿಯುವ ದಿಕ್ಕು

ಕಾರ್ವರಿ ಎನ್ನಿಸಿಕೊಳ್ಳಲು ಹೆಚ್ಚಿ ಕೊಡುವ ಒಂದು ದೊಡ್ಡ ತುಂಡಾದರೂ ಇರಬೇಕು. ಹಂದಿ ತಿನ್ನುವ ಮನೆಯಾದರೆ ಭುಜದ ಭಾಗ ಅತ್ಯುತ್ತಮ. ಇಲ್ಲವಾದರೆ ಕುರಿಯ ಹಿಂತೊಡೆ, 2 ಕಿಲೋ. ಮೇಲಿನ ಮಸಾಲೆಯ ಅರ್ಧದಷ್ಟು ಇನ್ನೊಮ್ಮೆ ಅರೆದು ಸವರಿ, ಒಂದು ಲೋಟ ನೀರಿನೊಂದಿಗೆ ಮುಚ್ಚಿದ ಪಾತ್ರೆಯಲ್ಲಿ 150 ಡಿಗ್ರಿಯಲ್ಲಿ 3 ಗಂಟೆ ಬೇಯಿಸಿ. ವಿಲಾಯಿತಿ ಪುಸ್ತಕಗಳು ಹೇಳುವಂತೆ ಒಳಗು ಗುಲಾಬಿ ಬಣ್ಣದಲ್ಲಿರುವಾಗ ಇಳಿಸಿದರೆ ಇಲ್ಲಿಯ ಕುರಿ ಹಲ್ಲಿಗೆ ಬಗ್ಗುವುದಿಲ್ಲ. ಒಳಗಿನ ಶಾಖ 88ರಿಂದ 90 ಮುಟ್ಟಲಿ.

ಇಳಿಸಿದ ತಕ್ಷಣ ಚೂರಿ ಹಾಕುವುದು ಎಲ್ಲರೂ ಮಾಡುವ ತಪ್ಪು. ಬಿಸಿ ಮಾಂಸದ ರಸ ತೆಳ್ಳಗಿರುತ್ತದೆ, ಕೊಯ್ದ ಕೂಡಲೇ ಮಣೆಯ ಮೇಲೆ ಹರಿದುಹೋಗುತ್ತದೆ. ಸಡಿಲವಾಗಿ ಅಲ್ಯೂಮಿನಿಯಂ ಹಾಳೆ ಹೊದಿಸಿ 25 ನಿಮಿಷ ಬಿಡಿ, ರಸ ಸ್ವಲ್ಪ ಗಟ್ಟಿಯಾಗಿ ಒಳಗೇ ನಿಲ್ಲುತ್ತದೆ. ಕೋಳಿ ತುಂಡಿಗೆ 8 ನಿಮಿಷ ಸಾಕು.

ಹೆಚ್ಚುವ ಮೊದಲು ಎಳೆ ಯಾವ ದಿಕ್ಕಿಗೆ ಓಡಿದೆ ನೋಡಿ. ಎಳೆಗೆ ಅಡ್ಡವಾಗಿ, ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಹೆಚ್ಚಬೇಕು. ಎಳೆಯ ಉದ್ದಕ್ಕೇ ಹೆಚ್ಚಿದರೆ ಪ್ರತಿ ತುತ್ತಿನಲ್ಲೂ ಉದ್ದ ನಾರು. ಅದೇ ಮಾಂಸ, ಅದೇ ಬೇಯಿಸುವಿಕೆ, ಚೂರಿಯ ದಿಕ್ಕು ಮಾತ್ರ ಬೇರೆ, ತಿನ್ನುವವರು ಎರಡನ್ನೂ ಒಂದೇ ಎಂದು ನಂಬುವುದಿಲ್ಲ. ತೊಡೆಯಲ್ಲಿ ಎಳೆಯ ದಿಕ್ಕು ಎರಡು ಮೂರು ಕಡೆ ಬದಲಾಗುತ್ತದೆ, ಆಗ ಮಣೆಯ ಮೇಲೆ ತುಂಡನ್ನೇ ತಿರುಗಿಸಿಕೊಳ್ಳಿ. ತಳದಲ್ಲಿ ಉಳಿದ ರಸಕ್ಕೆ ಅರ್ಧ ಲೀಟರಿಗೆ ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್ ತಣ್ಣೀರಿನಲ್ಲಿ ಕದಡಿ ಹಾಕಿ ಕುದಿಸಿದರೆ ಗ್ರೇವಿ ಆಯಿತು.

ಕರಿ ಗೋಟ್, ಅಂದರೆ ಜಮೈಕಾದ ಆಡಿನ ಸಾರು, ಕೂಡ ಮಾಡುವುದಾದರೆ ಒಂದೇ ಸೂಚನೆ: ಕಾಯಿ ಹುರಿದು ರುಬ್ಬಬೇಡಿ, ಗರಂ ಮಸಾಲೆ ಬೇಡ. 1845ರಲ್ಲಿ ಕೂಲಿಗಳನ್ನು ಹೊತ್ತ ಮೊದಲ ಹಡಗು ಭಾರತದಿಂದ ಜಮೈಕಾ ತಲುಪಿತು, ಅವರ ಮೂಲಕ ಹೋದ ಸಾರು ಅಲ್ಲಿ ಬೇರೆ ದಾರಿ ಹಿಡಿಯಿತು. ಅರಿಸಿನ ಹೆಚ್ಚಿರುವ ಕರಿ ಪುಡಿಯನ್ನು ಬಿಸಿ ಎಣ್ಣೆಯಲ್ಲಿ ಒಂದು ನಿಮಿಷ ಬಾಡಿಸಿ, ಆಮೇಲೆ ಆಡಿನ ಮಾಂಸ, ದೊಡ್ಡಪತ್ರೆ, ಆಲ್‌ಸ್ಪೈಸ್. ಕೈ ತಡೆಯದೆ ಕಾಯಿ ಹಾಕಿದರೆ ರುಚಿಯಾದ ಮಟನ್ ಸಾರೇ ಆಗುತ್ತದೆ, ಕರಿ ಗೋಟ್ ಅಲ್ಲ.

ಅನ್ನ ಮತ್ತು ಪಕ್ಕದ ಪದಾರ್ಥಗಳು

ರೈಸ್ ಅಂಡ್ ಪೀಸ್ ಎಂಬ ಹೆಸರು ಕೇಳಿ ಹಸಿರು ಬಟಾಣಿ ಹಾಕುವ ಅಡಿಗೆಯವರಿದ್ದಾರೆ. ಜಮೈಕಾದಲ್ಲಿ ಅದು ರಾಜ್ಮಾ, ಕ್ರಿಸ್‌ಮಸ್ ಸಮಯದಲ್ಲಿ ಹಸಿ ತೊಗರಿಕಾಳು. ನಮ್ಮಲ್ಲೂ ಡಿಸೆಂಬರ್ ಜನವರಿಗೆ ತೊಗರಿಕಾಯಿ ಸಂತೆಗೆ ಬರುವುದರಿಂದ ಕಾಲ ಕೂಡುತ್ತದೆ.

250 ಗ್ರಾಂ ರಾಜ್ಮಾ ರಾತ್ರಿ ನೆನೆಸಿ, ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕೊತಕೊತ ಕುದಿಸಿ. ಮೊದಲ 10 ನಿಮಿಷದ ಜೋರು ಕುದಿ ಕಡ್ಡಾಯ, ಹಸಿ ರಾಜ್ಮಾದಲ್ಲಿರುವ ವಿಷ ಹೋಗುವುದು ಕುದಿಯಲ್ಲೇ. ಸಣ್ಣ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟರೆ ಕಾಳು ಮೆತ್ತಗಾದೀತು, ಹೊಟ್ಟೆ ಕೆಡುವುದು ತಪ್ಪದು. ಬೆಂದ ನೀರನ್ನು ಉಳಿಸಿಕೊಳ್ಳಿ, ಅನ್ನದ ಕೆಂಗಂದು ಬಣ್ಣ ಅದರಿಂದಲೇ. ಆ ನೀರು ಮತ್ತು ಎರಡು ತೆಂಗಿನಕಾಯಿಯ ಹಾಲು ಸೇರಿ 1.8 ಲೀಟರ್ ಆಗಲಿ. ಅದಕ್ಕೆ ತೊಳೆದ ಸ್ಟೀಮ್ ಸೋನಾಮಸೂರಿ 1 ಕಿಲೋ, ಈರುಳ್ಳಿ ದಂಟು, ದೊಡ್ಡಪತ್ರೆ, ಆಲ್‌ಸ್ಪೈಸ್ 8 ಕಾಳು, ಉಪ್ಪು. ಮೆಣಸಿನಕಾಯಿಯನ್ನು ತೊಟ್ಟು ಸಮೇತ ಇಡಿಯಾಗಿ ಮೇಲಿಡಿ, ಸೌಟು ತಾಗಿ ಒಡೆದರೆ ಇಡೀ ಪಾತ್ರೆ ಖಾರ. ಕುಚ್ಚಲಕ್ಕಿಗೆ ನೀರೂ ಹೊತ್ತೂ ಜಾಸ್ತಿ ಬೇಕು, ಕಾಯಿಹಾಲು ಅಷ್ಟು ಹೊತ್ತು ಕುದಿದು ಎಣ್ಣೆ ಬಿಡುತ್ತದೆ, ಆದ್ದರಿಂದ ಇದಕ್ಕೆ ಬೇಡ.

ಬಾಳೆಹಣ್ಣಿಗೆ ನೇಂದ್ರವೇ ಆಗಬೇಕು, ಸಿಪ್ಪೆಯಲ್ಲಿ ಕಪ್ಪು ಮಚ್ಚೆ ಮೂಡಿರಬೇಕು. ಏಲಕ್ಕಿ ಬಾಳೆ ಎಣ್ಣೆಯಲ್ಲಿ ಕರಗಿಹೋಗುತ್ತದೆ. ಓರೆಯಾಗಿ ಒಂದು ಸೆಂಟಿಮೀಟರ್ ದಪ್ಪ ಹೆಚ್ಚಿ ಕಾದ ಎಣ್ಣೆಗೆ ಸ್ವಲ್ಪವೇ ಹಾಕಿ. ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಎಣ್ಣೆ ತಣಿದು ಹಣ್ಣು ಅದನ್ನು ಕುಡಿಯುತ್ತದೆ. ಎಲೆಕೋಸಿನ ಸಲಾಡ್‌ಗೆ ಮೊದಲು ಉಪ್ಪು ಬೆರೆಸಿ 20 ನಿಮಿಷ ಬಿಟ್ಟು ಹಿಂಡಿ, ಮೇಯನೇಸ್ ಆಮೇಲೆ.

ಮಾಂಸ ತಿನ್ನದವರಿಗೆ ಪನೀರ್‌ಗೆ ಜರ್ಕ್ ಬಳಿದು ಕೊಡುವುದು ಸೋಮಾರಿತನ. ಟ್ರಿನಿಡಾಡಿನ ಕಲಲೂ ಮಾಡಿ. ಪತ್ರೊಡೆಗೆ ಬಳಸುವ ಕೆಸುವಿನ ಎಲೆ 15, ಬೆಂಡೆ 200 ಗ್ರಾಂ, ಕಾಯಿಹಾಲು, ಬೆಳ್ಳುಳ್ಳಿ, ಕಾಡುಕೊತ್ತಂಬರಿ, ಮುಕ್ಕಾಲು ಗಂಟೆ ಚೆನ್ನಾಗಿ ಬೇಯಿಸಿ ಕಡೆಯಿರಿ. ಅಲ್ಲಿ ಹುಣಸೆ ಹಾಕುವುದಿಲ್ಲ. ಕೆರೆತದ ಭಯವಿದ್ದರೆ ಇನ್ನಷ್ಟು ಬೇಯಿಸಿ, ಕೊನೆಗೆ ನಿಂಬೆ ಹಿಂಡಿ. ದೀವಿಹಲಸು ಸಿಕ್ಕರೆ ಇಡಿಯಾಗಿ ಕೆಂಡದಲ್ಲಿ ಒಂದು ಗಂಟೆ ಸುಟ್ಟು ಕರಿ ಸಿಪ್ಪೆ ಕೆತ್ತಿ ಹೋಳು ಮಾಡಿ. ಬ್ರಿಟಿಷ್ ನೌಕಾಧಿಕಾರಿ ಕ್ಯಾಪ್ಟನ್ ಬ್ಲೈ 1793ರಲ್ಲಿ ಕೆರಿಬಿಯನ್ನಿಗೆ ತಂದಿಳಿಸಿದ ಗಿಡ ಇದೇ.

ಕೌಂಟರ್

ಇಷ್ಟೆಲ್ಲ ಮಾಡಿಯೂ ಕೆಡಿಸುವ ಜಾಗ ಇದು. ಬಿಸಿಯಾಗಿಡುವ ಪದಾರ್ಥ 60 ಡಿಗ್ರಿಗಿಂತ ಕೆಳಗಿಳಿಯಬಾರದು. ಟ್ರೇಯ ಕೆಳಗಿನ ನೀರನ್ನು ಊಟಕ್ಕೆ ಅರ್ಧ ಗಂಟೆ ಮುಂಚೆಯೇ 85 ಡಿಗ್ರಿಗೆ ತನ್ನಿ. ತಣ್ಣೀರಿನ ಮೇಲೆ ಬಿಸಿ ಟ್ರೇ ಇಟ್ಟು ಆಮೇಲೆ ಕೆಳಗೆ ಉರಿ ಹಚ್ಚಿದರೆ ಮೊದಲ ಪಂಕ್ತಿಗೆ ತಣ್ಣನೆಯ ಊಟವೇ.

ಹೊಸ ಅನ್ನವನ್ನು ಹಳೆಯದರ ಮೇಲೆ ಸುರಿಯಬೇಡಿ. ತಳದ ಅನ್ನ ಎರಡು ಗಂಟೆ ಹಾಗೇ ಕೂತು ಮುದ್ದೆಯಾಗುತ್ತದೆ. ಖಾಲಿಯಾದ ಟ್ರೇ ತೆಗೆದು ಹೊಸ ಟ್ರೇ ಇಡಿ, ಮುಚ್ಚಳ ಇರಲಿ. ಜರ್ಕ್ ತುಂಡನ್ನು ಗ್ರೇವಿಯಲ್ಲಿ ಮುಳುಗಿಸಿದರೆ ಸುಟ್ಟ ಚರ್ಮ ಚರ್ಮದ ಚೀಲದಂತಾಗುತ್ತದೆ. ಜಾಲರಿಯ ಮೇಲಿಡಿ, ಒಂದು ಸಲಕ್ಕೆ ಆರೇ ತುಂಡು ತನ್ನಿ, ಮಿಕ್ಕದ್ದು ಕೆಂಡದ ದೂರದ ಬದಿಯಲ್ಲಿ ಕಾಯಲಿ. ಮೇಲಿನಿಂದ ಬಿಸಿ ಬೀರುವ ದೀಪದಡಿ ಹೆಚ್ಚಿಟ್ಟ ಮಾಂಸ ಹತ್ತು ನಿಮಿಷಕ್ಕೆ ಒಣಗುತ್ತದೆ. ತುಂಡು ಇಡಿಯಾಗಿರಲಿ, ತಟ್ಟೆ ಎದುರಿಗೆ ಬಂದ ಮೇಲೆ ಹೆಚ್ಚಿ.

ಹೊರಗೆ ತಿನ್ನಲು ಹೋದರೆ

ದುಡ್ಡು ಕಟ್ಟುವ ಮೊದಲು ಕೌಂಟರಿನತ್ತ ಒಂದು ಸುತ್ತು ಹಾಕಿ. ಮಾಂಸವನ್ನು ಮೊದಲೇ ಹೆಚ್ಚಿಟ್ಟಿದ್ದರೆ, ಮುಚ್ಚಳ ತೆಗೆದಾಗ ಆವಿ ಏಳದಿದ್ದರೆ, ಬಾಳೆಹಣ್ಣಿನ ತಳದಲ್ಲಿ ಎಣ್ಣೆ ನಿಂತಿದ್ದರೆ ಬೇರೆ ಕಡೆ ಊಟ ಮಾಡಿ. ಬಾಗಿಲು ತೆರೆದ ಮೊದಲ ಅರ್ಧ ಗಂಟೆಯಲ್ಲಿ ಹೋದವರಿಗೆ ಸಾಮಾನ್ಯವಾಗಿ ಒಳ್ಳೆಯ ತುಂಡು. ತಣ್ಣಗಿದ್ದರೆ ಎರಡನೇ ತುತ್ತಿಗೇ ಹೇಳಿ, ತಟ್ಟೆ ಖಾಲಿ ಮಾಡಿ ಹೇಳಿದರೆ ಯಾರೂ ಕೇಳುವುದಿಲ್ಲ. ಮೂಳೆಯ ಹತ್ತಿರ ಹಸಿಯಾಗಿದ್ದರೆ ಅದನ್ನೇ ಮತ್ತೆ ಬಿಸಿ ಮಾಡಿಸಬೇಡಿ, ಬೇರೆ ತುಂಡು ಕೇಳಿ. ಬಿಲ್ಲಿನಲ್ಲಿ ಸೇವಾ ಶುಲ್ಕ ತಾನಾಗಿ ಸೇರಿದ್ದರೆ ತೆಗೆಸಬಹುದು. ಅದನ್ನು ಕಡ್ಡಾಯವಾಗಿ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915.

ಮನೆಯಲ್ಲಿ ಮಿಕ್ಕಿದ ಅನ್ನವನ್ನು ಪಾತ್ರೆಯಲ್ಲೇ ರಾತ್ರಿ ಬಿಡಬೇಡಿ. ಅಗಲ ಹರಿವಾಣದಲ್ಲಿ ಹರಡಿ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮರುದಿನ ಒಂದೇ ಸಲ ಚೆನ್ನಾಗಿ ಬಿಸಿ ಮಾಡಿ ಮುಗಿಸಿ. ಮಿಕ್ಕ ಜರ್ಕ್ ಕೋಳಿಯನ್ನು ಮೂಳೆ ಬಿಡಿಸಿ ಎಳೆ ಎಳೆಯಾಗಿಸಿ ಬಾಣಲೆಯಲ್ಲಿ ಹಬೆಯಾಡುವವರೆಗೆ ಬಿಸಿ ಮಾಡಿದರೆ ಬೆಳಗಿನ ಅಕ್ಕಿರೊಟ್ಟಿಗೆ ಚೆನ್ನಾಗಿ ಹೊಂದುತ್ತದೆ.